ಉಂಡ ಮೇಲೆ ಹೇಳುವ ಮಾತು

ಹೊಟ್ಟೆಯೆಂಬುದು ನೆಲದೊಳಗಿನ ಹಗೇವಿನ ಹಾಗೆ. ಜೋಳ ಸುರಿದಷ್ಟೂ ಹಿಡಿಸುತ್ತದೆ. ಒಳಗೆ ಏನು ಕೆಟ್ಟಿದೆ ಎಂಬುದು ಬಾಯಿ ತೆಗೆದ ದಿನವೇ ತಿಳಿಯುವುದು. ಗಜೇಂದ್ರಗಡದ ಗುರುಸಂಗಪ್ಪನ ಹಗೇವಿನ ಬಾಯಿ ತೆರೆದದ್ದು ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮರುವರ್ಷ, ಗಣೇಶ ಚೌತಿಯ ಮಾರನೆಯ ದಿನ, ಕಾಳಿನ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೆ.

ಗುರುಸಂಗಪ್ಪ ಆ ಅಂಗಡಿಯಲ್ಲಿ ತೂಕ ಮಾಡುವವನು. ಊರವರ ಕಾಳನ್ನು ಗುಂಜಿ ತಪ್ಪದಂತೆ ತೂಗುವವನಿಗೆ ತನ್ನ ಹೊಟ್ಟೆಯ ಅಳತೆ ಮಾತ್ರ ಎಂದೂ ಸಿಕ್ಕಿರಲಿಲ್ಲ. ಹಬ್ಬಗಳನ್ನು ಅವನು ದೇವರ ಹೆಸರಿನಿಂದ ನೆನಪಿಟ್ಟವನೇ ಅಲ್ಲ. ಪಂಚಮಿ ಎಂದರೆ ಉಂಡಿ, ಚೌತಿ ಎಂದರೆ ಕಡುಬು, ಮಾನೌಮಿ ಅಮಾವಾಸ್ಯೆ ಎಂದರೆ ಹೋಳಿಗೆ, ದೀಪಾವಳಿ ಎಂದರೆ ಕರ್ಚಿಕಾಯಿ. ಆ ವರ್ಷದ ಕಡುಬುಗಳು ರಾತ್ರಿಯೆಲ್ಲ ಒಳಗೆ ಕೂತು ಆಲೋಚನೆ ಮಾಡಿ, ಬೆಳಿಗ್ಗೆ ಒಮ್ಮತಕ್ಕೆ ಬಂದು, ಅವನನ್ನು ಹೆಸರುಕಾಳಿನ ಚೀಲಗಳ ಮೇಲೆ ಕೆಡವಿದವು.

ಹಮಾಲ ಫಕೀರಸಾಬ ಅವನನ್ನು ಎತ್ತಿ ಕೂಡಿಸಿ, "ಗುರುಸಂಗಪ್ಪಣ್ಣ, ಚೀಲದ ಮ್ಯಾಲ ಬಿದ್ದಿ ಚಲೋ ಆತು. ತಕ್ಕಡಿ ಮ್ಯಾಲ ಬಿದ್ದಿದ್ರ ಮಾಲಕರು ನಿನ್ನೂ ತೂಗಿ ಮಾರಿಬಿಡತಿದ್ರು" ಎಂದ.

ಹೀಗಾಗಿ ರೋಣಕ್ಕೆ ಹೋಗಿ ದವಾಖಾನಿ ಕಾಣುವುದಾಯಿತು. ಅಲ್ಲಿನ ಡಾಕ್ಟರು ಪ್ರಹ್ಲಾದರಾಯರು ಹೊಟ್ಟೆಯನ್ನು ನಾಲ್ಕೂ ಕಡೆ ಒತ್ತಿ ನೋಡಿ, ಕಣ್ಣು ಮುಚ್ಚಿ, ಮಂತ್ರ ಹೇಳುವವರಂತೆ ಹೇಳಿದರು.

"ದೀಪಾವಳಿ ಮುಗಿಯೂ ತನಕಾ ಹೋಳಿಗಿ, ಕಡುಬು, ಕರಿದದ್ದು ಎಲ್ಲಾ ಬಂದ್. ಮೆತ್ತನ್ನ ಅನ್ನ, ಮಜ್ಜಿಗಿ. ಬಿಸಿನೀರು ಕುಡೀರಿ. ಸಂಜೀಮುಂದ ತಿರುಗಾಡ್ರಿ, ತಿರುಗಾಡೂ ಮುಂದ ಯಾರ ಜೋಡೀನೂ ಮಾತಾಡಬ್ಯಾಡ್ರಿ. ತಲಿಗೆ ಥಂಡಿ ಹತ್ತಬಾರದು. ಸಿಟ್ಟಿಗೇಳಬಾರದು. ಹಬ್ಬದಾಗ ಮಂದಿ ಸಾಯೋದು ರೋಗದಿಂದ ಅಲ್ಲ, ಬಡಿಸೋರ ಪ್ರೀತಿಯಿಂದ."

"ಒಂದ... ಒಂದ ಹೋಳಿಗಿ ತಿಂದ್ರರೀ?"

"ತಿನ್ರಲ್ಲಾ. ಮುಂದಿನ ಅಮಾಸಿಗೆ ನಿಮ್ಮ ಹೆಸರಿಲೇ ಎಡಿ ಇಡತಾರ."

ಬೇರೆಯವನಾಗಿದ್ದರೆ ಇದನ್ನು ಕೇಳಿ ತಲೆ ತಗ್ಗಿಸಿಕೊಂಡು ಮನೆಗೆ ಬರುತ್ತಿದ್ದ. ಆದರೆ ದೊಡ್ಡ ಡಾಕ್ಟರು ಕೊಟ್ಟ ಪಥ್ಯವೂ ಒಂದು ದೊಡ್ಡಸ್ತಿಕೆಯೇ ಎಂದು ಗುರುಸಂಗಪ್ಪನಿಗೆ ಬಸ್ಸಿನಲ್ಲಿ ಹೊಳೆಯಿತು. ಬಸ್ಸು ಗಜೇಂದ್ರಗಡ ಮುಟ್ಟುವ ಹೊತ್ತಿಗೆ, ದೇಹವೇ ಗುಡಿಯೆಂದೂ, ಹೋಳಿಗೆ ತಿನ್ನುವವರು ತಿಳಿಗೇಡಿಗಳೆಂದೂ, ತಾನು ಇನ್ನು ಮುಂದೆ ಬೇರೆ ಮನುಷ್ಯನೆಂದೂ ಎಲ್ಲರಿಗೂ ಸಾರಿ ಆಗಿತ್ತು. ಈ ಕಡೆಯ ಮಾತೇ ಅವನಿಗೆ ಮುಳುವಾದದ್ದು.

ಮಾರನೆಯ ಸಂಜೆ ತಿರುಗಾಡಲು ಹೊರಟವನು ಮೂಲೆಯಲ್ಲಿ ಕೈಗೆ ಸಿಕ್ಕ ಕೋಲನ್ನು ತೆಗೆದುಕೊಂಡ. ಗೂಟಕ್ಕೆ ನೇತುಹಾಕಿದ್ದ ಹಳೆಯ ಶಾಲನ್ನು ತಲೆಗೂ ಕಿವಿಗೂ ಸುತ್ತಿಕೊಂಡ. ಎರಡೂ ಸತ್ತ ಮಾವನವು.

ಮಾವ ಪ್ರಭುಲಿಂಗಪ್ಪ ಮುಶಿಗೇರಿಯಲ್ಲಿ ಹೊಲ ಮಾಡಿಕೊಂಡಿದ್ದವನು. ಗಂಡುಮಕ್ಕಳಿರಲಿಲ್ಲವಾಗಿ ಮುಪ್ಪಿನಲ್ಲಿ ಹೆಂಡತಿ ಸಿದ್ದವ್ವನೊಡನೆ ಮಗಳು ನೀಲವ್ವನ, ಅಂದರೆ ಗುರುಸಂಗಪ್ಪನ, ಮನೆಗೆ ಬಂದು ಇದ್ದ. ಹಲ್ಲು ಉದುರಿದ್ದರಿಂದ ಹೋಳಿಗೆ ಒಲ್ಲೆನೆನ್ನುತ್ತಿದ್ದ, ಮೆತ್ತನೆಯ ಅನ್ನ ಉಣ್ಣುತ್ತಿದ್ದ, ಬಿಸಿನೀರು ಕುಡಿಯುತ್ತಿದ್ದ. ಸಂಜೆಗೆ ಶಾಲು ಸುತ್ತಿಕೊಂಡು, ಕೋಲೂರಿಕೊಂಡು, ಯಾರೊಡನೆಯೂ ಮಾತಾಡದೆ ಗುಡ್ಡದ ದಾರಿ ಹಿಡಿದು ಹೋಗಿ ಬರುತ್ತಿದ್ದ. ಹಿಂದಿನ ವರ್ಷ ಒಂದು ಸಂಜೆ ಹಾಗೆಯೇ ಹೋಗಿ ಬಂದವನು ಗೋಡೆಗೆ ಒರಗಿ ಕೂತು, ಬಿಸಿನೀರು ಕುಡಿದು, "ಏ ಜಕ್ಕಲಿಯಾಕಿ, ನಿನಗೊಂದ ಮಾತು ಹೇಳೂದೈತಿ. ಉಂಡ ಮ್ಯಾಲ ಹೇಳತೀನಿ" ಎಂದ. ಜಕ್ಕಲಿ ಸಿದ್ದವ್ವನ ತವರೂರು. ಅವನು ಮದುವೆಯಾದಾಗಿನಿಂದ ಅವಳನ್ನು ಕರೆದದ್ದು ಹಾಗೆಯೇ. ಅವಳು ಒಳಗೆ ಹೋಗಿ ತಾಟು ತರುವಷ್ಟರಲ್ಲಿ ಮನುಷ್ಯ ತೀರಿಕೊಂಡಿದ್ದ.

ಅಂದಿನಿಂದ ಸಿದ್ದವ್ವನ ತಲೆಯಲ್ಲಿ ಒಂದೇ ಹುಳ. ಏನಿತ್ತು ಆ ಮಾತು? ಸಿಟ್ಟಿನದೋ, ಗುಟ್ಟಿನದೋ? ತನ್ನಿಂದ ಏನಾದರೂ ತಪ್ಪಾಗಿತ್ತೋ? ಯಾರನ್ನು ಕೇಳುವುದು?

ಈಗ ಗುಡ್ಡದ ದಾರಿಯಲ್ಲಿ ಹೊತ್ತು ಮುಳುಗುತ್ತಿದ್ದಾಗ, ಅದೇ ಶಾಲು, ಅದೇ ಕೋಲು, ತಗ್ಗಿಸಿದ ತಲೆ ಇಳಿದು ಬರುವುದನ್ನು ಒಲೆಗೆ ಸಗಣಿಯ ಕುಳ್ಳು ತರಲು ಹೋಗಿದ್ದ ನೆರೆಮನೆಯ ತಿಪ್ಪವ್ವ ಕಂಡಳು.

"ಯಾರದು?" ಎಂದಳು.

ಡಾಕ್ಟರು ಮಾತಾಡಬೇಡ ಎಂದಿದ್ದರು. ಗುರುಸಂಗಪ್ಪ ಮಾತಾಡಲಿಲ್ಲ.

"ಯಾರ ನೀವು? ಹೇಳ್ರಿ!"

ಅವನು ಸಿಟ್ಟಿಗೇಳಬಾರದೆಂದು ಮೆಲ್ಲಗೆ ನಕ್ಕ. ತಿಪ್ಪವ್ವ ಕುಳ್ಳಿನ ಬುಟ್ಟಿ ಅಲ್ಲೇ ಒಗೆದು ಓಡಿದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ಓಡಿದ್ದರಿಂದ, ಅವಳು ಓಣಿ ಮುಟ್ಟಿದಾಗ ಸುದ್ದಿ ಅವಳಿಗಿಂತ ಮುಂದೆ ಹೋಗಿ ಕಟ್ಟೆಯ ಮೇಲೆ ಕೂತಿತ್ತು.

ಗುರುಸಂಗಪ್ಪ ಮಾತ್ರ ನೆಮ್ಮದಿಯಿಂದ ಬಂದ. ಪೂರಾ ನೆಮ್ಮದಿ ಎನ್ನಲಾಗದು. ದಾರಿಯುದ್ದಕ್ಕೂ ಕೋಲು ನೆಲಕ್ಕೆ ಬಡಿದ ಸಪ್ಪಳದ ಹಿಂದೆ, ಒಂದು ಉಸಿರಿನಷ್ಟು ತಡವಾಗಿ, ಇನ್ನೊಂದು ಸಪ್ಪಳ ಬಂದಂತೆ ಆಗಿತ್ತು. ನಿಂತರೆ ಅದೂ ನಿಲ್ಲುತ್ತಿತ್ತು. ಗುಡ್ಡದ ಬಂಡೆಗಳಿಗೆ ದನಿ ಮರಳಿಸುವ ಚಟವಿದೆ ಎಂದು ತನಗೆ ತಾನೇ ಹೇಳಿಕೊಂಡ. ಬಾಗಿಲಲ್ಲಿ ಮಲಗಿದ್ದ ಓಣಿಯ ನಾಯಿ ಅವನಿಗಾಗಿ ಎಂದೂ ಎದ್ದದ್ದಿಲ್ಲ. ಅಂದು ಎದ್ದು, ಕಿವಿ ಮಡಚಿ, ಇಬ್ಬರು ಹಾಯ್ದು ಹೋಗುವಷ್ಟು ದಾರಿ ಬಿಟ್ಟಿತು.

ಒಳಗೆ ಬಿಸಿನೀರಿನ ತಂಬಿಗೆ ಆಗಲೇ ಗೋಡೆಯ ಬುಡದಲ್ಲಿ ಕಾದು ಕೂತಿತ್ತು.

"ಯಾರಿಟ್ಟದ್ದು?" ಎಂದು ನೀಲವ್ವನನ್ನು ಕೇಳಿದ.

"ಅವ್ವ ಇಟ್ಟಾಳರಿ. ಹೆಜ್ಜಿ ಸಪ್ಪಳ ಗುರುತ ಹತ್ತಿತಂತ."

ಸತ್ತ ಪ್ರಭುಲಿಂಗಪ್ಪ ಅಳಿಯನ ಮೈಯಲ್ಲಿ ಬಂದಿದ್ದಾನೋ ಇಲ್ಲವೋ ಎಂಬ ವಾದ ಊರಲ್ಲಿ ಬಹಳ ದಿನ ನಡೆಯಲಿಲ್ಲ. ನಡೆಯಲು ಎಡೆಯೇ ಇರಲಿಲ್ಲ. ತಿಪ್ಪವ್ವ ಪರೀಕ್ಷೆಗೆಂದು ಒಂದು ಮುಂಜಾನೆ ಬೇಕೆಂದೇ ಹೋಳಿಗೆ ಮಾಡಿ, ತುಪ್ಪ ಸುರಿದು, ಅವನ ಮೂಗಿನ ಕೆಳಗೆ ಹಿಡಿದಳು. ಓಣಿಯ ಅರ್ಧ ಮಂದಿ ಉಸಿರು ಬಿಗಿಹಿಡಿದು ನಿಂತಿತ್ತು. ಗುರುಸಂಗಪ್ಪನ ಕಣ್ಣಲ್ಲಿ ನೀರು ಬಂತು. ಆದರೂ ಮುಖ ತಿರುಗಿಸಿ, "ಬ್ಯಾಡ ತಂಗಿ, ನನಗ ಆಗಿಬರಂಗಿಲ್ಲ" ಎಂದ.

"ಕೇಳಿದ್ರೇನು?" ಎಂದಳು ತಿಪ್ಪವ್ವ ಮಂದಿಯ ಕಡೆ ತಿರುಗಿ. "ಇಂವ ಖರೇ ಗುರುಸಂಗಪ್ಪ ಆಗಿದ್ರ ಹೋಳಿಗಿ ಬ್ಯಾಡ ಅಂತಿದ್ನೇನು? ತಾಟೂ ನೆಕ್ಕತಿದ್ದ! ಕಣ್ಣಾಗ ನೀರ ನೋಡ್ರಿ. ಹಲ್ಲಿಲ್ಲದ ಮುದುಕನ ಸಂಕಟ ಅದು."

ಈ ತರ್ಕಕ್ಕೆ ಉತ್ತರ ಕೊಡುವವರು ಕಾಶಿಯಲ್ಲೂ ಸಿಗಲಾರರು. "ನಾನರೀ ಗುರುಸಂಗಪ್ಪ" ಎಂದು ಅವನು ಹೇಳಿದ್ದೂ ಅವನ ವಿರುದ್ಧವೇ ಆಯಿತು. ಇರುವ ಮನುಷ್ಯ ತಾನು ಇಂಥವನೆಂದು ಮುಂಜಾನೆ ಎದ್ದು ಸಾರುತ್ತಾನೆಯೇ?

ಸರಕಾರವೂ ಸುಮ್ಮನಿರಲಿಲ್ಲ. ಮುಶಿಗೇರಿಯ ಹೊಲಗಳ ಲೆಕ್ಕ ಬರೆಯುವ ತಲಾಟಿ ಶ್ರೀನಿವಾಸರಾಯರು ಛತ್ರಿ ಹಿಡಿದುಕೊಂಡು ಬಂದು, ಕಂಬಳಿಯ ಮೇಲೆ ಕೂತು, ದನಿ ತಗ್ಗಿಸಿ ಕೇಳಿದರು: "ಪ್ರಭುಲಿಂಗಪ್ಪನವರ, ಆರಾಮ ಇದ್ದೀರಲ್ಲಾ? ನಿಮ್ಮ ಹೊಲದ ಬಡಗಣ ಬಾಂದಕಲ್ಲು ಎಲ್ಲಿತ್ತು ಅನ್ನೋದೊಂದು ಹೇಳಿಬಿಟ್ಟರ ನಮಗ ಭಾಳ ಅನುಕೂಲ ಆಗತದ."

"ಸಾಹೇಬ್ರ, ನನಗೇನ ಗೊತ್ತರೀ ಆ ಕಲ್ಲಿಂದು!"

ತಲಾಟಿಗಳು ತಲೆದೂಗಿದರು. "ಬದುಕಿದ್ದಾಗೂ ಇದೇ ಮಾತು, ಇದೇ ದನಿ. ಸತ್ತರೂ ಮನುಷ್ಯ ಸುಧಾರಿಸಲಿಲ್ಲ" ಎಂದು ಎದ್ದು ಹೋದರು.

ಇದೆಲ್ಲ ಆಗಿ ಹೋಗುತ್ತಿತ್ತು. ಸಿದ್ದವ್ವ ಎದ್ದು ಬಂದದ್ದು ಹಾಗೆ ಆಗಿ ಹೋಗುವಂಥದ್ದಾಗಿರಲಿಲ್ಲ.

ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಆ ಮನೆತನದಲ್ಲಿಲ್ಲ. ಸಿದ್ದವ್ವ ಅಳಿಯನಿಗೆ ಏನಾದರೂ ಹೇಳುವುದಿದ್ದರೆ ಸೆರಗೆಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಹೇಳುತ್ತಿದ್ದಳು. ಅಮಾವಾಸ್ಯೆಗೆ ಇನ್ನೊಂದು ವಾರವಿದೆ ಎನ್ನುವಾಗ ಒಂದು ಸಂಜೆ ಅವಳು ನೆಟ್ಟಗೆ ಬಂದು, ಸೆರಗು ಹಿಂದೆ ಸರಿಸಿ, ಅವನ ಮುಖವನ್ನೇ ನೋಡುತ್ತ ನಿಂತಳು. ಕೈಯಲ್ಲಿ ತಾಟು.

"ಉಣ್ರಿ" ಎಂದಳು.

ಗುರುಸಂಗಪ್ಪ ಎದ್ದುನಿಂತ. "ಅತ್ತೀ, ನಾನ್ರೀ, ನಿಮ್ಮ ಅಳಿಯ..."

"ಹಂಗ ಅಂದು ತಪ್ಪಿಸಿಕೋಬ್ಯಾಡ್ರಿ. ಅಳಿಯಂದ್ರ ಮೈಯಾಗ ಅಡಗಿ ಕುಂತ್ರ ನಾ ಗುರುತ ಹಿಡಿಯಂಗಿಲ್ಲೇನು? ಉಂಡ ಮ್ಯಾಲ ಹೇಳತೀನಿ ಅಂದ್ರಿ. ತಾಟು ತಂದೀನಿ. ಉಣ್ರಿ, ಹೇಳ್ರಿ, ಹೋಗ್ರಿ."

ತಾಟಿನಲ್ಲಿ ಕಡಲೆಯ ಹೂರಣದ ಹೋಳಿಗೆ; ಹಲ್ಲಿದ್ದಾಗ ಗಂಡನಿಗೆ ಬಲು ಪ್ರೀತಿಯದು, ಅದನ್ನುಂಡರೇ ಉಂಡಂತೆ ಎಂಬುದು ಅವಳ ಲೆಕ್ಕ. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಆತುಕೊಂಡ. ಸಿದ್ದವ್ವ ತಾಟನ್ನು ನೆಲಕ್ಕಿಟ್ಟು, ಅದರ ಎದುರು ತಾನೂ ಕೂತಳು.

"ಆತು. ನೀವು ಉಣ್ಣೂ ತನಕಾ ನಾನೂ ಉಣ್ಣಂಗಿಲ್ಲ. ನಿಮಗಿಂತ ಮೊದಲ ನಾ ಎಂದರ ಉಂಡೀನೇನು?"

ಮುದುಕಿ ಆಡಿದ ಹಾಗೆ ನಡೆದಳು. ನೀರು ಬಿಟ್ಟು ಬೇರೇನೂ ಬಾಯಿಗಿಡಲಿಲ್ಲ. ನೀಲವ್ವ ಅತ್ತಳು, ಬೈದಳು, ಗಂಜಿ ಹಿಡಿದು ಕಾಲಿಗೆ ಬಿದ್ದಳು. ಸಿದ್ದವ್ವ ಗೋಡೆಗೆ ಒರಗಿ, ಗಂಡ ಕೂತು ಸತ್ತ ಜಾಗದಲ್ಲೇ ಕೂತು, ದಿನದಿಂದ ದಿನಕ್ಕೆ ಸಣ್ಣಗಾದಳು. ಅಮಾವಾಸ್ಯೆ ಹತ್ತಿರ ಬಂದಾಗ ಅವಳ ದನಿ ಕೇಳಬೇಕಾದರೆ ಕಿವಿಯನ್ನು ಬಾಯಿಯ ಹತ್ತಿರ ಒಯ್ಯಬೇಕಾಗಿತ್ತು.

"ಏನ್ರಿ, ಒಂದ ತುತ್ತು ತಿಂದು, ಒಂದ ಸುಳ್ಳ ಹೇಳ್ರಿ" ಎಂದಳು ನೀಲವ್ವ. "ನಮ್ಮವ್ವ ಸಾಯತಾಳ."

"ತಿಂದ್ರ ನಾ ಸಾಯತೀನಲ್ಲ! ಡಾಕ್ಟರು ಖರೇನ ಹಂಗ ಅಂದಾರ. ಎಡಿ ಇಡತಾರ ಅಂದಾರ!"

"ಹಂಗಾರ ಇಬ್ಬರಿಗೂ ಕೂಡೇ ಇಡತೀನಿ. ಹೋಳಿಗಿ ಹಂಚು ಒಂದ ಸಲ ಒಲಿ ಮ್ಯಾಲ ಇಟ್ಟರ ಸಾಕು."

ಹೆಂಡತಿಯ ಈ ಮಿತವ್ಯಯಕ್ಕೆ ಬೆದರಿ ಗುರುಸಂಗಪ್ಪ ಮತ್ತೆ ರೋಣಕ್ಕೆ ಓಡಿದ. ಒಂದು ತುಂಡಿಗಾದರೂ ಅಪ್ಪಣೆ ಸಿಕ್ಕೀತೇ? ದವಾಖಾನಿಯ ಕದ ಅರ್ಧ ಮುಚ್ಚಿತ್ತು. ಕಂಪೌಂಡರ ಮೆಹಬೂಬಸುಭಾನಿ ಹೊರಗೆ ಬಂದು ಬೆರಳನ್ನು ತುಟಿಗಿಟ್ಟ.

"ಸಾಹೇಬ್ರು ಮಲಗ್ಯಾರ್ರಿ. ಪಿತೃಪಕ್ಷ ನೋಡ್ರಿ. ಮೂರ ಮನಿ ಕರದಿದ್ರು, ಮೂರೂ ಮನಿಗೆ ಹೋಗಿ ಉಂಡ ಬಂದಾರ. ವಡಿ ಭಾಳ ಚಲೋ ಆಗಿದ್ದುವಂತ. ಈಗ ನಾನ ಅವರಿಗೆ ಔಷಧ ಕೊಡಾಕತ್ತೀನಿ."

"ನನಗೊಂದ ಮಾತು ಕೇಳೂದಿತ್ತು..."

"ಏಳತಾರೋ ಇಲ್ಲೋ ಅನ್ನೂದ ನಮಗ ಚಿಂತಿ ಹತ್ತೇತಿ. ನೀವು ಪಥ್ಯ ಬಿಡಬ್ಯಾಡ್ರಿ ಮತ್ತ!"

ತಿರುಗಿ ಬಂದ ಸಂಜೆ ಅವನು ಕೋಲು ಮುಟ್ಟಲಿಲ್ಲ. ಇನ್ನು ತಿರುಗಾಟವೇ ಬೇಡವೆಂದು ಹಾಸಿಗೆಯ ಮೇಲೆ ಕೂತ. ಕೂತವನಿಗೆ ಒಂದು ಕೆಮ್ಮು ಬಂತು. ಒಣ ಕೆಮ್ಮು, ಕಡೆಯಲ್ಲಿ ಸಿಳ್ಳಿನ ಹಾಗೆ ಎಳೆಯುವಂಥದು. ಆ ಕೆಮ್ಮನ್ನು ಅವನು ಎಲ್ಲೋ ಕೇಳಿದ್ದ. ಅದು ಮಾವನ ಕೆಮ್ಮೆಂದು ನೆನಪಾದಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಗೋಡೆಯ ಆಚೆಯಿಂದ ಸಿದ್ದವ್ವನ ಸಣ್ಣ ದನಿ ಬಂತು: "ಥಂಡಿ ಐತಿ. ಶಾಲು ಹೊದ್ದಕೋರಿ."

ಅಮಾವಾಸ್ಯೆ ಬಂತು. ಮಾನೌಮಿ ಅಮಾವಾಸ್ಯೆಗೆ ಆ ಸೀಮೆಯಲ್ಲಿ ಹಿರಿಯರು ಮನೆಗೆ ಬರುತ್ತಾರೆ. ಕೋಣೆಯಲ್ಲಿ ಕಂಬಳಿ ಹಾಸಿ, ಹೊಸ ಧೋತರ, ಹೊಸ ರುಮಾಲು ಇಟ್ಟು, ದೀಪ ಹಚ್ಚಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಮಾಡಿ, ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ಬರುವುದು. ಉಣ್ಣುವವರನ್ನು ನೋಡಬಾರದು, ಬದುಕಿರುವವರಿಗೇ ದೃಷ್ಟಿ ತಗಲುತ್ತದೆಂದ ಮೇಲೆ ಸತ್ತವರಿಗೆ ತಗಲದೇ? ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆಗೆದು, ಎಡೆಯನ್ನು ಪ್ರಸಾದವೆಂದು ಹಂಚಿಕೊಳ್ಳುವುದು.

ಆ ಮಧ್ಯಾಹ್ನ ಪ್ರಭುಲಿಂಗಪ್ಪನ ಎಡೆಗೆ ಒಂದು ತೊಡಕು ಬಂತು. ಉಣ್ಣುವವನು ಹೊರಗೇ ಕೂತಿದ್ದಾನೆ. ಒಳಗೆ ಎಡೆ ಇಟ್ಟು ಯಾರಿಗೆ ಬಾಗಿಲು ಹಾಕುವುದು?

"ಇಂವನ್ನ ಒಳಗ ಕೂಡಸ್ರಿ" ಎಂದಳು ತಿಪ್ಪವ್ವ.

ತಲಾಟಿಗಳೂ, "ನ್ಯಾಯವಾದ ಮಾತು" ಎಂದರು. ಅವರು ಬಾಂದಕಲ್ಲಿನ ಆಸೆ ಬಿಟ್ಟಿರಲಿಲ್ಲ.

ನೀಲವ್ವ ಗಂಡನ ರಟ್ಟೆ ಹಿಡಿದು ಒಳಗೆ ಒಯ್ಯುತ್ತ ಕಿವಿಯಲ್ಲಿ ಹೇಳಿದಳು: "ಒಂದ ತುತ್ತು ತಿನ್ನರಿ. 'ನನಗೇನೂ ಸಿಟ್ಟಿಲ್ಲ, ಸುಖವಾಗಿರು' ಅನ್ನರಿ. ಇಷ್ಟ ಸಾಕು. ನಮ್ಮವ್ವ ಇವತ್ತ ಉಣ್ಣದಿದ್ರ ನಾಳೆ ಕಾಣಂಗಿಲ್ಲ."

ಸಿದ್ದವ್ವನನ್ನು ಎತ್ತಿಕೊಂಡು ಬಂದು ಎಡೆಯ ಈಚೆ ಕೂಡಿಸಿದರು. ಬಾಗಿಲು ಕಿರುಗುಟ್ಟಿ ಮುಚ್ಚಿತು. ಹೊರಗಿನ ಮಾತೆಲ್ಲ ಒಮ್ಮೆಲೇ ನಿಂತಿತು.

ಕೋಣೆಗೆ ಕಿಟಕಿ ಇಲ್ಲ. ಹಗಲಿನ ನಡುವೆ ಕತ್ತಲೆ. ಎಣ್ಣೆಯ ದೀಪದ ಬೆಳಕಿನಲ್ಲಿ ಧೋತರದ ಮಡಿಕೆ, ಅದರ ಮೇಲೆ ರುಮಾಲು, ಯಾರೋ ಈಗಷ್ಟೇ ತೆಗೆದಿಟ್ಟು ಕೂತ ಹಾಗೆ. ಹೂರಣದ ವಾಸನೆಯ ಒಳಗೆ ಇನ್ನೊಂದು ವಾಸನೆ ಇತ್ತು. ಒಣಹುಲ್ಲು, ಬೆವರು, ಮಳೆಗೆ ತೋಯ್ದು ಆರಿದ ಹಳೆಯ ಕಂಬಳಿ. ಹೊಲದಿಂದ ಬಂದ ಮನುಷ್ಯನ ವಾಸನೆ. ಗುರುಸಂಗಪ್ಪ ಎಡೆಯನ್ನು ನೋಡಿದ, ಮುದುಕಿಯನ್ನು ನೋಡಿದ. ತಿಂದರೆ ತಾನಿಲ್ಲ, ಬಿಟ್ಟರೆ ಅವಳಿಲ್ಲ. ಅವಳ ಕೊರಳ ನರ ಗುಬ್ಬಿಯ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಜೀವಮಾನದಲ್ಲಿ ಧೈರ್ಯವೆಂಬುದು ಅವನಿಗೆ ಬಂದದ್ದು ಅದೊಂದೇ ಸಲ. ಅದು ಬಂದಾಗಲೂ ಹೋಳಿಗೆಯ ರೂಪದಲ್ಲೇ ಬಂತು.

"ಶಿವನಽ, ನಿನ್ನ ಇಚ್ಛಾ" ಎಂದು ಕಣ್ಣು ಮುಚ್ಚಿ, ಒಂದು ಹೋಳಿಗೆಯನ್ನು ಮಡಚಿ ಬಾಯಿಗೆ ತುರುಕಿದ. ಒಂದು ತುತ್ತಿಗೆ ನಿಲ್ಲಬೇಕಾಗಿತ್ತು. ಕೈ ನಿಲ್ಲಲಿಲ್ಲ. ಇನ್ನೊಂದು, ಮತ್ತೊಂದು, ಎಣ್ಣೆಗಾಯಿ, ಅನ್ನ, ಕಟ್ಟಿನ ಸಾರು. ಕೈ ಅವನ ಅಪ್ಪಣೆ ಕೇಳದೆ ಓಡಾಡುತ್ತಿತ್ತು. ಎಲೆ ಬರಿದಾದಾಗ ಉಳಿದದ್ದು ಅವನ ಬಾಯಿಯಲ್ಲಿದ್ದ ಕಡೆಯ ಹೋಳಿಗೆ, ಇಡಿಯದು, ಹೂರಣ ಅಂಗುಳಿಗೆ ಮೆತ್ತಿಕೊಂಡು ನಾಲಿಗೆ ಹೊರಳದಂತೆ ಸಿಕ್ಕಿಕೊಂಡದ್ದು.

"ಉಂಡ್ರಿ" ಎಂದಳು ಸಿದ್ದವ್ವ. "ಈಗ ಹೇಳ್ರಿ."

ಗುರುಸಂಗಪ್ಪ ತಾಳು ಎಂದು ಕೈ ಎತ್ತಿದ. ನುಂಗಲು ನೋಡಿದ. ಇಳಿಯಲಿಲ್ಲ. ದೀಪ ಒಮ್ಮೆ ಬಾಗಿ ನೆಟ್ಟಗಾಯಿತು.

"ಏ ಜಕ್ಕಲಿಯಾಕಿ."

ದನಿ ತಗ್ಗಿನದು. ಹಲ್ಲಿಲ್ಲದ ಬಾಯಿಯದು. ಅದು ಅವನ ಬೆನ್ನ ಹಿಂದಿನಿಂದ ಬಂತೋ, ಅವನ ಎದೆಯೊಳಗಿನಿಂದ ಬಂತೋ, ಅವನಿಗೆ ಕಡೆಯವರೆಗೂ ಬಗೆಹರಿಯಲಿಲ್ಲ. ಬಾಯಿಂದ ಬರಲಿಲ್ಲ ಎಂಬುದಷ್ಟೇ ಖರೆ. ಬಾಯಿಯಲ್ಲಿ ಮಾತಿಗೆ ಜಾಗವಿರಲಿಲ್ಲ.

"ಇನ್ನ ಮುಂದ ನನಗ ಕಾಯಬ್ಯಾಡ. ಹಸಿವಾದಾಗ ನೀ ಮೊದಲ ಉಣ್ಣು."

ಸಿದ್ದವ್ವ ಅಲ್ಲಾಡದೆ ಕೂತಿದ್ದಳು. ಮುಖದ ನೆರಿಗೆಗಳು ಒಂದೊಂದಾಗಿ ಸಡಿಲವಾದವು.

"ಇಷ್ಟಽ ಏನ್ರಿ?" ಎಂದಳು. "ಇದನ್ನ ಹೇಳಾಕ ಉಣ್ಣೂದ್ಯಾಕ ಬೇಕಿತ್ತು? ಆಗಽ ಹೇಳಿದ್ರ ಆವತ್ತ ನಾನೂ ಉಣ್ಣತಿದ್ದೆ."

ಅವಳು ನೆಲಕ್ಕೆ ಕೈಯೂರಿ, ಯಾರ ಆಸರೆಯೂ ಇಲ್ಲದೆ ಎದ್ದು, ತಾನೇ ಬಾಗಿಲು ತೆಗೆದಳು.

"ನೀಲವ್ವಾ, ತಾಟು ಹಾಕ."

ಪಡಸಾಲೆಯ ನಟ್ಟನಡುವೆ, ತಲಾಟಿಗಳು ಉಂಡಿಲ್ಲ, ಅಳಿಯ ಉಂಡು ಎದ್ದಿಲ್ಲ, ನೆರೆಹೊರೆಯ ಗಂಡಸರೆಲ್ಲ ಹಸಿದು ನಿಂತಿದ್ದಾರೆ. ಅವರೆಲ್ಲರಿಗಿಂತ ಮೊದಲು, ಸಿದ್ದವ್ವ ಕಾಲು ಮಡಚಿ ಕೂತು ಅನ್ನಕ್ಕೆ ಕೈ ಹಾಕಿದಳು. ತಿಪ್ಪವ್ವ ಬಾಯಿಗೆ ಸೆರಗು ಹಿಡಿದುಕೊಂಡಳು. ಬಾಂದಕಲ್ಲಿನ ವಿಷಯ ಕೇಳಲು ತಲಾಟಿಗಳಿಗೂ ನೆನಪಾಗಲಿಲ್ಲ.

ನೀಲವ್ವ ಕಣ್ಣೊರೆಸಿಕೊಳ್ಳುತ್ತ ಕೋಣೆಯ ಬಾಗಿಲಿಗೆ ಓಡಿ ಬಂದಳು. "ಹ್ಯಾಂಗ ತಗದ್ರೀ ಅಪ್ಪನ ದನಿ? ಹೊರಗ ಎಲ್ಲಾರೂ ಕೇಳಿದಿವಿ. ನಾ ಹೇಳಿಕೊಟ್ಟದ್ದಕ್ಕಿಂತ ಚಲೋ ಮಾತ ಹೇಳಿದ್ರಿ. ನಿಮ್ಮ ಕಡೆ ಇಷ್ಟ ಬುದ್ಧಿ ಐತಿ ಅಂತ ಗೊತ್ತಿರಲಿಲ್ಲ ನನಗ!"

ಗುರುಸಂಗಪ್ಪ ಅಲ್ಲ ಅಲ್ಲ ಎಂದು ಕೈಯಾಡಿಸಿದ. ಉಬ್ಬಿದ ಗಲ್ಲವನ್ನು ಬೆರಳಿನಿಂದ ತೋರಿಸಿದ. ಅವಳು ನಕ್ಕು, ನೀರು ಕೊಟ್ಟು, ಬೆನ್ನು ತಟ್ಟಿದಳು. ಕಡೆಗೂ ಹೋಳಿಗೆ ಇಳಿಯಿತು. ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಡಾಕ್ಟರು ಹೇಳಿದ ನೋವಿಗಾಗಿ ಕಾದು ನಿಂತ. ನೋವು ಬರಲಿಲ್ಲ. ಭಾರವೂ ಇರಲಿಲ್ಲ. ಕೈಯ ಕೆಳಗೆ ಹೊಟ್ಟೆ ನಾಲ್ಕು ದಿನ ಉಪವಾಸವಿದ್ದವನ ಹಾಗೆ ಬೆನ್ನಿಗೆ ಹತ್ತಿತ್ತು.

"ನೀಲವ್ವಾ," ಎಂದ, "ನನಗೂ ಒಂದಿಷ್ಟ ಅನ್ನ ಹಾಕ. ಭಾಳ ಹಸಿವಾಗೇತಿ."

"ಈಗರ ಇಡೀ ಎಡಿ ಉಂಡ ಬಂದ್ರೆಲ್ಲಾ?"

"ನಾ ಎಲ್ಲಿ ಉಂಡೀನಿ?"

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದು ಅವನಿಗೂ ಕೇಳಿಸಿತು. ಪಡಸಾಲೆಯಲ್ಲಿದ್ದ ಎಲ್ಲರ ಕಣ್ಣೂ ಮೆಲ್ಲಗೆ ಅವನ ಹಿಂದಿನ ಕತ್ತಲೆಯ ಕೋಣೆಯ ಕಡೆಗೆ ಹೊರಳಿತು. ಸಿದ್ದವ್ವ ಒಬ್ಬಳೇ ತಲೆಯೆತ್ತದೆ ಉಣ್ಣುತ್ತಿದ್ದಳು.